ಹಾಳೆಗೆ ಇಳಿದ ಅರಸರು

ಛಾಯಾಚಿತ್ರವಿಲ್ಲದ ಕಾಲದಲ್ಲಿ ದೊರೆಯ ಮುಖ ಹೇಗಿದೆಯೆಂದು ಪ್ರಜೆಗಳಿಗೆ ತಿಳಿಯುತ್ತಿದ್ದುದು ಹೇಗೆ? ನಾಣ್ಯದ ಮೇಲೆ ಪುಟ್ಟದೊಂದು ಮುಖವಿರುತ್ತಿತ್ತು. ತೈಲಚಿತ್ರಗಳು ಅರಮನೆ ಹಾಗೂ ಸಿರಿವಂತರ ಮನೆಯ ಗೋಡೆ ಬಿಟ್ಟು ಇಳಿಯುತ್ತಿರಲಿಲ್ಲ. 17ನೇ ಶತಮಾನದ ಬ್ರಿಟನ್ನಿನಲ್ಲಿ ಈ ಕೊರತೆಯನ್ನು ತುಂಬಿದ್ದು ಅಚ್ಚಿನ ಭಾವಚಿತ್ರಗಳು; ಅದರಲ್ಲೂ 'ಮೆಜೊಟಿಂಟ್' ವಿಧಾನದ ಚಿತ್ರಗಳು.

ಈ ಕಲೆ ಹುಟ್ಟಿದ್ದೇ ರಾಜಮನೆತನದ ಚಿತ್ರದಿಂದ. ಜರ್ಮನಿಯ ಹೆಸ್ಸೆ-ಕಾಸೆಲ್ ಸಂಸ್ಥಾನವನ್ನು ಆಳುತ್ತಿದ್ದ ಅಮೇಲಿಯಾ ಎಲಿಜಬೆತ್‌ಳ ಭಾವಚಿತ್ರವನ್ನು 1642ರಲ್ಲಿ ಲುಡ್ವಿಗ್ ಫಾನ್ ಸೀಗನ್ ಎಂಬಾತ ಹೀಗೆ ಅಚ್ಚು ಹಾಕಿದ. ಇಂಗ್ಲೆಂಡಿನ ದೊರೆ ಒಂದನೇ ಚಾರ್ಲ್ಸನ ಸೋದರಳಿಯ ರಾಜಕುಮಾರ ರೂಪರ್ಟ್ ಇದನ್ನು ಕಲಿತು, 1661ರಲ್ಲಿ ಲಂಡನ್ನಿನ ವಿದ್ವಾಂಸ ಜಾನ್ ಎವಲಿನ್‌ಗೆ ತೋರಿಸಿದ. ಮರುವರ್ಷ ಎವಲಿನ್ ತನ್ನ ಪುಸ್ತಕದಲ್ಲಿ ಇದರ ಸುದ್ದಿ ಕೊಟ್ಟರೂ ಗುಟ್ಟು ಬಿಟ್ಟುಕೊಡಲಿಲ್ಲ. ಇಸವಿ ನಮೂದಾಗಿರುವ ಮೊದಲ ಇಂಗ್ಲಿಷ್ ಮೆಜೊಟಿಂಟ್, 1669ರಲ್ಲಿ ವಿಲಿಯಂ ಶೆರ್ವಿನ್ ಮಾಡಿದ ಎರಡನೇ ಚಾರ್ಲ್ಸನ ಚಿತ್ರ.

ಏನಿದರ ಗುಟ್ಟು? ಬಾಗಿದ ಅಂಚಿನಲ್ಲಿ ಸಣ್ಣ ಹಲ್ಲುಗಳಿರುವ ಉಪಕರಣವನ್ನು ತಾಮ್ರದ ತಗಡಿನ ಮೇಲೆ ಎಲ್ಲ ದಿಕ್ಕಿಗೂ ತೂಗಾಡಿಸಿ ಇಡೀ ಮೈಯನ್ನು ಒರಟು ಮಾಡುತ್ತಾರೆ. ಆಗಲೇ ಮಸಿ ಹಚ್ಚಿ ಒತ್ತಿದರೆ ಕಾಗದ ಪೂರಾ ಕಪ್ಪು. ಬೆಳಕು ಬೇಕಾದಲ್ಲಿ ತಗಡನ್ನು ಕೆರೆದು ನುಣುಪು ಮಾಡುತ್ತಾರೆ. ನುಣುಪಾದಷ್ಟೂ ಮಸಿ ನಿಲ್ಲದೆ ಬಿಳುಪು ಹೆಚ್ಚುತ್ತದೆ. ಗೆರೆಗಳಿಲ್ಲದೆಯೇ ಮಖಮಲ್ಲಿನ ಹೊಳಪು, ಕೆನ್ನೆಯ ನೆರಳು ಮೂಡುವುದರಿಂದ ತೈಲಚಿತ್ರಗಳ ನಕಲಿಗೆ ಇದು ಹೇಳಿಮಾಡಿಸಿದಂತಿತ್ತು. ಚಿತ್ರಕಾರ ನೆಲ್ಲರ್ ಬರೆದ ರಾಜರಾಣಿಯರನ್ನು ಜಾನ್ ಸ್ಮಿತ್ ಹೀಗೆಯೇ ಹಾಳೆಗಿಳಿಸಿದ. ಆದರೆ ತಗಡಿನ ಒರಟು ಬೇಗ ಸವೆದು ಕಪ್ಪು ಮಂಕಾಗುತ್ತದೆ. ಆದ್ದರಿಂದಲೇ ಸಂಗ್ರಾಹಕರಿಗೆ ಮೊದಮೊದಲ ಪ್ರತಿಗಳ ಮೇಲೆ ಕಣ್ಣು.

ದಿನಚರಿಯಿಂದ ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ ಇಂಥ ಒಬ್ಬ ಸಂಗ್ರಾಹಕ. ನೌಕಾಡಳಿತದ ಹುದ್ದೆ ಬಿಟ್ಟ ಮೇಲೆ ಅಚ್ಚಿನ ಭಾವಚಿತ್ರಗಳನ್ನು ಆಲ್ಬಮ್‌ಗಳಲ್ಲಿ ಜೋಡಿಸುತ್ತ ಕಾಲ ಕಳೆದ. 1703ರಲ್ಲಿ ಅವನು ತೀರಿಕೊಂಡ. ಅವನ ಇಚ್ಛೆಯಂತೆ ಉಳಿದು ಬಂದ ಗ್ರಂಥಭಂಡಾರ ಇಂದಿಗೂ ಕೇಂಬ್ರಿಜ್‌ನ ಮ್ಯಾಗ್ಡಲೀನ್ ಕಾಲೇಜಿನಲ್ಲಿದೆ.

ಈ ಹವ್ಯಾಸ ಹುಚ್ಚಾಗಿದ್ದು ಪಾದ್ರಿ ಜೇಮ್ಸ್ ಗ್ರೇಂಜರ್‌ನಿಂದ. 1769ರಲ್ಲಿ ಆತ ಹೊರತಂದ ಇಂಗ್ಲೆಂಡಿನ ಜೀವನಚರಿತ್ರೆಯ ಗ್ರಂಥ, ಅಚ್ಚಾದ ಭಾವಚಿತ್ರಗಳ ಪಟ್ಟಿಯೂ ಹೌದು. ಅದರಲ್ಲಿ 12 ವರ್ಗಗಳು. ಮೊದಲನೆಯದು ರಾಜಮನೆತನ; ಕೊನೆಯದು ಯಾವುದೋ ಒಂದು ವಿಚಿತ್ರಕ್ಕಾಗಿ ಹೆಸರಾದ ಬಡಪಾಯಿಗಳು. ಶಿರಚ್ಛೇದಕ್ಕೊಳಗಾದ ಒಂದನೇ ಚಾರ್ಲ್ಸ್, ಪಟ್ಟ ಬಿಟ್ಟೋಡಿದ ಎರಡನೇ ಜೇಮ್ಸ್ ಎಲ್ಲರೂ ಪಟ್ಟಿಯಲ್ಲಿದ್ದ ಮೇಲೆ, ಒಂದು ಮುಖ ತಪ್ಪಿದರೂ ಸಂಗ್ರಹ ಅಪೂರ್ಣವೆನಿಸತೊಡಗಿತು. ಚಿತ್ರಗಳ ಬೆಲೆ ಏರಿತು. ಪುಸ್ತಕವನ್ನು ಬಿಚ್ಚಿ, ನಡುನಡುವೆ ಚಿತ್ರಗಳನ್ನು ಸೇರಿಸಿ ಮತ್ತೆ ರಟ್ಟು ಕಟ್ಟಿಸುವ ಚಟ ಹಬ್ಬಿತು. ಬೇಕಾದ ಮುಖಕ್ಕಾಗಿ ಬೇರೆ ಹಳೆಯ ಪುಸ್ತಕಗಳ ಹಾಳೆ ಕಿತ್ತವರೂ ಉಂಟು. ಇದಕ್ಕೆ 'ಗ್ರೇಂಜರೀಕರಣ' ಎಂಬ ಹೆಸರೇ ಬಿತ್ತು.

ಬಿಡಿ ಹಾಳೆಗಳಾಗಿ ಮಾರಾಟವಾಗಿದ್ದ ಮುಖಗಳು ಚದುರಿ ಹೋಗದೆ ಉಳಿದದ್ದು ಬಹುಪಾಲು ಈ ಸಂಗ್ರಾಹಕರ ಆಲ್ಬಮ್‌ಗಳಲ್ಲಿ. ಎಷ್ಟೋ ಹಳೆಯ ಪುಸ್ತಕಗಳು ತಮ್ಮ ಚಿತ್ರ ಕಳೆದುಕೊಂಡು ಅಂಗಹೀನವಾದದ್ದೂ ಅವರ ಕೈಯಲ್ಲೇ.