ಹರಿದ ಮಂಡಿರಜ್ಜು: ಪಟ್ಟಿಯೋ, ಶಸ್ತ್ರಚಿಕಿತ್ಸೆಯೋ?

ಕಡೂರು, ತರೀಕೆರೆ, ಅಜ್ಜಂಪುರಗಳ ಕಬಡ್ಡಿ ಅಂಕಣದಲ್ಲಾಗಲಿ, ತೋಟದ ಜಾರುಹಾದಿಯಲ್ಲಾಗಲಿ, ಪಾದವು ನೆಲಕ್ಕೆ ಕಚ್ಚಿ ಮೈ ಮಾತ್ರ ತಿರುಗಿದರೆ ಮಂಡಿಯ ಅಸ್ಥಿರಜ್ಜು ಹರಿಯಬಹುದು. ಆಗ ಪಟ್ಟಿ ಸಾಕೇ, ಶಸ್ತ್ರಚಿಕಿತ್ಸೆ ಬೇಕೇ? ಹರಿದುದು ಯಾವ ರಜ್ಜು ಎಂಬುದನ್ನು ನಾವು ಮೊದಲು ಕೇಳಬೇಕು.

ಮಂಡಿಯ ಒಳಪಕ್ಕದ ರಜ್ಜುವಿಗೆ ರಕ್ತಪೂರೈಕೆ ಚೆನ್ನಾಗಿದೆ. ಕೀಲು ಪಕ್ಕಕ್ಕೆ ಬಾಗದಂತೆ ಪಟ್ಟಿಯು ತಡೆದರೆ, ಹರಿದ ತುದಿಗಳು ಸಾಮಾನ್ಯವಾಗಿ ತಾವೇ ಕೂಡಿಕೊಳ್ಳುತ್ತವೆ. ಕೀಲಿನ ನಡುವಣ ಮುಂದಿನ ಅಡ್ಡರಜ್ಜುವಿನ ಪಾಡು ಬೇರೆ. ಅಲ್ಲಿ ಕೀಲುದ್ರವವು ನೆತ್ತರನ್ನು ಹೆಪ್ಪುಗಟ್ಟಿ ನಿಲ್ಲಗೊಡದು. ಆದುದರಿಂದ ತುದಿಗಳ ನಡುವೆ ಹೊಸ ಅಂಗಾಂಶ ಬೆಳೆಯುವುದು ಕಷ್ಟ. ಶಸ್ತ್ರವೈದ್ಯರು ಸಾಮಾನ್ಯವಾಗಿ ರೋಗಿಯದೇ ಸ್ನಾಯುರಜ್ಜುವಿನ ತುಂಡನ್ನು ಅಲ್ಲಿ ಕೂಡಿಸುತ್ತಾರೆ.

ಇದು ಎಲ್ಲರಿಗೂ ಅಗತ್ಯವೆ? ಸ್ವೀಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವ್ಯಾಯಾಮದಿಂದಲೇ ಆರಂಭಿಸಿದ 59 ಮಂದಿಯ ಪೈಕಿ 23 ಮಂದಿ ಎರಡು ವರ್ಷಗಳೊಳಗೆ ಶಸ್ತ್ರಚಿಕಿತ್ಸೆ ಪಡೆದರು, ಉಳಿದವರು ಪಡೆಯಲಿಲ್ಲ. 2023ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನವೊಂದರಲ್ಲಿ, 80 ಮಂದಿಯ ಮಂಡಿಯನ್ನು ಪಟ್ಟಿಯಿಂದ 90 ಡಿಗ್ರಿ ಬಾಗಿಸಿ ಹಿಡಿದು ಹರಿದ ತುದಿಗಳನ್ನು ಹತ್ತಿರ ತರಲಾಯಿತು. ಮೂರು ತಿಂಗಳಲ್ಲಿ ನೂರಕ್ಕೆ 90ರಷ್ಟು ಮಂದಿಯಲ್ಲಿ ಕೂಡಿಕೆಯ ಚಿಹ್ನೆ ಕಂಡಿತು. ಆದರೆ ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ. ಪಟ್ಟಿಯನ್ನು ಪೆಟ್ಟಾದ ನಾಲ್ಕು ವಾರಗಳೊಳಗೇ ಕಟ್ಟಲಾಗಿತ್ತು.

ನಾವು ಅಂಗಡಿಯಲ್ಲಿ ಕೊಳ್ಳುವ ಹಿಗ್ಗುವ ಬಟ್ಟೆಯ ಪಟ್ಟಿ ಇದಲ್ಲ. ಮಂಡಿ ಪದೇ ಪದೇ ಕುಸಿಯುತ್ತಿದ್ದರೆ ಒಳಗಿನ ಮೃದ್ವಸ್ಥಿಯೂ ಹರಿಯಬಹುದು. ಅಂಥವರಿಗೆ ಶಸ್ತ್ರಚಿಕಿತ್ಸೆಯೇ ಮೇಲು. ಆದುದರಿಂದ ಊತ ಇಳಿಯಿತೆಂದು ಮತ್ತೆ ಅಂಕಣಕ್ಕಿಳಿಯದೆ, ಮೊದಲ ವಾರದಲ್ಲೇ ಮೂಳೆತಜ್ಞರಿಗೆ ತೋರಿಸುವುದು ಲೇಸು.