ಹೊಸ ಯಂತ್ರಕ್ಕೆ ಒರೆಗಲ್ಲು

ಪರಸ್ಥಳದ ಯಂತ್ರಜ್ಞನೊಬ್ಬನು ಬಂದು, ‘ಅಗ್ಗದ ಶಕ್ತಿಯನ್ನು ಕೊಡುವೆನು, ಭೂಮಿಯನ್ನೂ ಹಣವನ್ನೂ ಒದಗಿಸಿರಿ’ ಎಂದರೆ, ಔರಾದ ಸೀಮೆಯ ಡಾಬಕಾದಂತಹ ಗ್ರಾಮವು ಏನೆನ್ನತಕ್ಕದ್ದು? ಹೊಸದೆಂದು ಹಳಿಯುವುದೂ ಹೊಸದೆಂದು ಮರುಳಾಗುವುದೂ ಸಮನಾದ ಹಾನಿಯೆಂದೇ ನಮ್ಮ ಅಭಿಪ್ರಾಯ.

ಕಾವೇರಿಯ ಧುಮುಕಿನಿಂದ ವಿದ್ಯುಚ್ಛಕ್ತಿಯನ್ನು ಪಡೆದು 92 ಮೈಲು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ಯುವ ಯೋಜನೆಯನ್ನು ಕೆನಡಾದಲ್ಲಿ ಹುಟ್ಟಿದ ಇಂಜಿನಿಯರ ಜೋಲಿ ಡಿ ಲಾಟ್‌ಬಿನಿಯರರು ಮುಂದಿಟ್ಟಾಗ, ಅದು ಅಂದಿನ ಕಾಲಕ್ಕೆ ಮಹಾಸಾಹಸವಾಗಿತ್ತು. ದಿವಾನ ಶೇಷಾದ್ರಿ ಅಯ್ಯರರು ಅಂಜಲಿಲ್ಲ. ಬರಿಯ ಮಾತನ್ನು ನಂಬಲೂ ಇಲ್ಲ. ಯುರೋಪು ಅಮೆರಿಕೆಗಳಲ್ಲಿ ನಡೆಯುತ್ತಿದ್ದ ಕೇಂದ್ರಗಳನ್ನು ಕಣ್ಣಾರೆ ಕಂಡುಬರಲು ಅವರನ್ನೇ ಕಳುಹಿಸಲಾಯಿತು. ಶಕ್ತಿಯನ್ನು ಕೊಳ್ಳುವ ಕರಾರು ಗಣಿಯವರೊಡನೆ ಆಯಿತು. 1902ರ ಜೂನ್ 30ರಂದು ಶಿವನಸಮುದ್ರದ ಶಕ್ತಿಯು ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರು ಬೆಳಗಿತು.

ಇದಕ್ಕೆ ವಿಪರೀತವಾದುದೂ ಉಂಟು. 1996ರಲ್ಲಿ ತಮಿಳುನಾಡಿನವರೊಬ್ಬರು ನೀರು ಮೂಲಿಕೆಗಳಿಂದ ಪೆಟ್ರೋಲು ತೆಗೆಯುವೆನೆಂದಾಗ ಬಲ್ಲವರೂ ಬೆರಗಾದರು; ಪ್ರಯೋಗಶಾಲೆಯ ಪರೀಕ್ಷೆಯಲ್ಲಿ ಆ ಮಾತು ನಿಲ್ಲಲಿಲ್ಲ.

ಆದುದರಿಂದ ಬಂದವರು ನಡೆಯುವ ಯಂತ್ರವನ್ನು ಮೊದಲು ತೋರಿಸಲಿ. ಒಳಹೋದುದನ್ನೂ ಹೊರಬಂದುದನ್ನೂ ತಟಸ್ಥರಾದ ತಜ್ಞರು ಅಳೆಯಲಿ. ಕೆಟ್ಟರೆ ದುರಸ್ತಿ ಯಾರದು, ನಷ್ಟ ಯಾರದು ಎಂಬುದು ಕರಾರಿನಲ್ಲಿ ಬರಲಿ. ಅಲ್ಲಿಯವರೆಗೆ ರೈತನ ಒಂದು ಗುಂಟೆ ಭೂಮಿಯೂ ಕೈಬಿಡಬಾರದು.