ಮೈನಸ್ 27.2

ದ್ವಿತೀಯ ಪಿಯುಸಿಯಲ್ಲಿ ಜಲಜನಕದ ಪರಮಾಣುವಿನ ಪಾಠ ಬಂದಾಗೆಲ್ಲ ಒಬ್ಬರಾದರೂ ಕೇಳುತ್ತಾರೆ: "ಮೇಡಂ, ಶಕ್ತಿ ಮೈನಸ್ ಹೇಗಾಗುತ್ತೆ?" ಪರೀಕ್ಷೆಗೆ ಬರುವ ಪ್ರಶ್ನೆಗಳಿಗಿಂತ ನನಗೆ ಈ ಪ್ರಶ್ನೆಯೇ ಹೆಚ್ಚು. ಕೇಳಿದ ಮಗು ಸೂತ್ರವನ್ನು ಬಿಟ್ಟು ಪರಮಾಣುವನ್ನೇ ನೋಡುತ್ತಿದೆ ಎಂದು ಖುಷಿಯಾಗುತ್ತದೆ.

ಜಲಜನಕದಲ್ಲಿ ಧನ ಆವೇಶದ ಒಂದು ಪ್ರೋಟಾನ್, ಋಣ ಆವೇಶದ ಒಂದು ಎಲೆಕ್ಟ್ರಾನ್. ಎರಡೂ ಒಂದನ್ನೊಂದು ಸೆಳೆಯುತ್ತವೆ. ಅವು ಬಹುದೂರದಲ್ಲಿದ್ದು ಸೆಳೆತವೇ ಇಲ್ಲವೆನ್ನುವಂತಿದ್ದಾಗ ಪ್ರಚ್ಛನ್ನ ಶಕ್ತಿ ಸೊನ್ನೆ ಎಂದು ನಾವೇ ಗೊತ್ತುಮಾಡಿಕೊಂಡಿದ್ದೇವೆ. ಹತ್ತಿರ ಬಂದಷ್ಟೂ ಆ ಶಕ್ತಿ ಇಳಿಯುತ್ತದೆ. ಬಾವಿಯ ನೀರು ಎಷ್ಟು ಕೆಳಗಿದೆ ಎಂದು ಕಟ್ಟೆಯಿಂದ ಅಳೆಯುತ್ತೇವಲ್ಲ, ಹಾಗೆ ಸೊನ್ನೆಯಿಂದ ಕೆಳಗಿನ ಆಳವನ್ನು ಮೈನಸ್ ಹೇಳುತ್ತದೆ. ಈ ಆಳ ಎಲೆಕ್ಟ್ರಾನೊಂದರದೇ ಅಲ್ಲ, ಜೋಡಿಯದು. ಪ್ರೋಟಾನ್ ಇಲ್ಲದಿದ್ದರೆ ಮೈನಸ್ಸೂ ಇಲ್ಲ.

ನೀಲ್ಸ್ ಬೋರ್ 1913ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಇವೆರಡರ ಅಂತರ ಒಂದು ಮಿಲಿಮೀಟರಿನ ಕೋಟಿಯ ಒಂದು ಪಾಲಿನಲ್ಲಿ ಅರ್ಧದಷ್ಟು. ಅಲ್ಲಿ ಪ್ರಚ್ಛನ್ನ ಶಕ್ತಿ ಮೈನಸ್ 27.2 ಎಲೆಕ್ಟ್ರಾನ್ ವೋಲ್ಟ್. ಆದರೆ ಎಲೆಕ್ಟ್ರಾನನ್ನು ಕಿತ್ತು ಹೊರತರಲು 13.6 ಸಾಕು. ಉಳಿದರ್ಧ? ಅದು ಎಲೆಕ್ಟ್ರಾನಿನ ಚಲನೆಯಲ್ಲೇ ಇದೆ. ದೂರದಲ್ಲಿ ಸುಮ್ಮನಿದ್ದ ಎಲೆಕ್ಟ್ರಾನ್ ಪ್ರೋಟಾನಿಗೆ ಸಿಕ್ಕಿ ತಳಕ್ಕಿಳಿದಾಗ ಕಳೆದ 27.2ರಲ್ಲಿ ಅರ್ಧ ಚಲನ ಶಕ್ತಿಯಾಗಿ ಒಳಗುಳಿಯುತ್ತದೆ, ಅರ್ಧ ಬೆಳಕಾಗಿ ಹೊರಟುಹೋಗುತ್ತದೆ. ಇಡೀ ಪಾಠದಲ್ಲಿ ನನಗೆ ಅತ್ಯಂತ ಸುಂದರವೆನಿಸುವುದು ಈ ಪಾಲು.

ಎಲೆಕ್ಟ್ರಾನ್ ತಳದಿಂದ ಎಣಿಸಿದ ಮೂರನೇ ಶಕ್ತಿಮಟ್ಟದಿಂದ ಎರಡನೆಯದಕ್ಕೆ ಇಳಿದರೂ ಇದೇ ನಿಯಮ. ಪ್ರಚ್ಛನ್ನ ಶಕ್ತಿ 3.78ರಷ್ಟು ಇಳಿಯುತ್ತದೆ, 1.89 ಬೆಳಕಾಗುತ್ತದೆ. ಅದು 656 ನ್ಯಾನೋಮೀಟರಿನ ಕೆಂಪು. ಕೊಡೈಕನಾಲ್ ವೀಕ್ಷಣಾಲಯದವರು ನೂರು ವರ್ಷಗಳಿಗೂ ಹಿಂದೆಯೇ ಸೂರ್ಯನ ಚಿತ್ರ ತೆಗೆದದ್ದು ಇದೇ ಕೆಂಪಿನಲ್ಲಿ.

ಇಷ್ಟಾದ ಮೇಲೆ ಹಿಂದಿನ ಬೆಂಚಿನಿಂದ ಇನ್ನೊಂದು ಪ್ರಶ್ನೆ ಬರುತ್ತದೆ: ಇಷ್ಟೊಂದು ಸೆಳೆತವಿದ್ದರೆ ಪೂರ್ತಿ ಬಿದ್ದೇ ಹೋಗಬಾರದೇಕೆ? ಬೋರ್ ಅದಕ್ಕೆ ನಿಯಮ ಹಾಕಿದ, ಕಾರಣ ಕೊಡಲಿಲ್ಲ. ಕಾರಣ ಸಿಕ್ಕಿದ್ದು 1920ರ ದಶಕದ ಕ್ವಾಂಟಂ ಸಿದ್ಧಾಂತದಲ್ಲಿ. ಎಲೆಕ್ಟ್ರಾನನ್ನು ಅರ್ಧ ಜಾಗಕ್ಕೆ ಒತ್ತಿದರೆ ಪ್ರಚ್ಛನ್ನ ಶಕ್ತಿಯ ಆಳ ಎರಡು ಪಟ್ಟಾಗುತ್ತದೆ, ಚಲನ ಶಕ್ತಿಯಾದರೋ ನಾಲ್ಕು ಪಟ್ಟು. ಇನ್ನೂ ಒಳಕ್ಕೆ ಹೋದರೆ ಒಟ್ಟು ಶಕ್ತಿ ಇಳಿಯುವ ಬದಲು ಏರತೊಡಗುತ್ತದೆ.